ನಾಲ್ಕು ಟಿಕೆಟು, ಒಂದು ಹಸ್ತಪ್ರತಿ

ಒಳಗೆ ಬನ್ನಿ, ಬಾಗಿಲು ಎಳೆದುಕೊಳ್ಳಿ. ಹೊರಗೆ ಚಳಿ ಕೊರೆಯುತ್ತಿದೆ, ಒಳಗೂ ಬೆಚ್ಚಗೇನಿಲ್ಲ. ಇದು ಪಾಮಿಯೇ. ಫ್ರಾನ್ಸಿನ ದಕ್ಷಿಣದ ಅಂಚಿನಲ್ಲಿ, ಪಿರನೀಸ್ ಬೆಟ್ಟಸಾಲು ತಲೆ ಎತ್ತುವ ಮೊದಲು ಸಿಗುವ ಒಂದು ಊರು. 1940ರ ನವೆಂಬರ್ ತಿಂಗಳ ಕೊನೆ. ಮೇಜಿನ ಮುಂದೆ ಕೂತ ಹೆಂಗಸಿಗೆ ಇದೇ ತಿಂಗಳ 19ಕ್ಕೆ 40 ತುಂಬಿತು. ಮಗ ಪೀಟರ್‌ಗೆ 14, ಮಗಳು ರೂತ್‌ಗೆ 12. ಗಂಡ ಇರುವುದು ಇಲ್ಲಿಂದ ಹತ್ತು ಕಿಲೋಮೀಟರಿನ ಒಳಗೇ, ಆದರೆ ಮುಳ್ಳುತಂತಿಯ ಆಚೆ, ಲ ವೆರ್ನೇ ಎಂಬ ಬಂಧನ ಶಿಬಿರದಲ್ಲಿ. ಈ ಊರನ್ನು ಆಕೆ ಹುಡುಕಿಕೊಂಡು ಬಂದದ್ದು ಅದೊಂದೇ ಕಾರಣಕ್ಕೆ.

ಸದ್ದು ಮಾಡದೆ ಹಿಂದೆ ಹೋಗಿ ನಿಂತುಕೊಳ್ಳಿ. ಬರೆಯುತ್ತಿರುವುದು ಪತ್ರ, ಹೋಗಬೇಕಾದದ್ದು ನ್ಯೂಯಾರ್ಕಿಗೆ. ಇಂಥ ಪತ್ರವನ್ನು ಆಕೆ ಎರಡು ವಿಳಾಸಗಳಿಗೆ ಮತ್ತೆ ಮತ್ತೆ ಬರೆಯುತ್ತಾಳೆ. ಒಂದು, ಪ್ರಾಗ್ ಊರಿನಲ್ಲಿ ಹುಟ್ಟಿ ಜರ್ಮನ್ನಿನಲ್ಲಿ ಬರೆಯುವ ಎಫ್. ಸಿ. ವೈಸ್ಕೋಫ್‌ದು. ಅವನು 1939ರಲ್ಲಿ ಲೇಖಕರ ಸಮ್ಮೇಳನಕ್ಕೆಂದು ಅಮೆರಿಕಕ್ಕೆ ಹೋದವನು ಅಲ್ಲೇ ಉಳಿದ. ಇನ್ನೊಂದು, ಬರ್ಲಿನ್ನಿನಲ್ಲಿ ಮಾಲಿಕ್ ಎಂಬ ಹೆಸರಾಂತ ಪ್ರಕಾಶನ ನಡೆಸುತ್ತಿದ್ದ ವೀಲಾಂಡ್ ಹೆರ್ಜ್‌ಫೆಲ್ಡೆಯದು. ಪ್ರಕಾಶನವೆಲ್ಲ ಕೈಬಿಟ್ಟುಹೋಗಿ, ನ್ಯೂಯಾರ್ಕಿನಲ್ಲಿ ಅವನು ಹೊಟ್ಟೆ ಹೊರೆದುಕೊಂಡದ್ದು ಹಳೆಯ ಅಂಚೆಚೀಟಿ ಮಾರಿಕೊಂಡು. ಯುದ್ಧಕಾಲದ ಪತ್ರಗಳನ್ನು ಪಡೆಯಲು ಇದಕ್ಕಿಂತ ತಕ್ಕ ಕಸುಬು ಉಂಟೆ?

ಹೆಂಗಸಿಗೂ ಎರಡು ಹೆಸರು. ಕಾಗದಪತ್ರದಲ್ಲಿ ನೆಟ್ಟಿ ರಾದ್ವಾನ್ಯಿ. ಜರ್ಮನಿಯ ಮೈನ್ಜ್ ಊರಿನ ಯಹೂದಿ ಮನೆಯ ಒಬ್ಬಳೇ ಮಗಳು, 1925ರಲ್ಲಿ ಹಂಗೇರಿಯ ಲಾಸ್ಲೊ ರಾದ್ವಾನ್ಯಿಯನ್ನು ಮದುವೆಯಾದವಳು. ಪುಸ್ತಕದ ರಕ್ಷಾಪುಟದ ಮೇಲೆ ಅನ್ನಾ ಸೇಗರ್ಸ್. ರೆಂಬ್ರಾಂಟ್ ಬಗ್ಗೆ ಸಂಶೋಧನಾ ಪ್ರಬಂಧ ಬರೆದು ಡಾಕ್ಟರೇಟ್ ಪಡೆದ ಹುಡುಗಿ ಅದೇ ಕಾಲದ ಹೆರ್ಕುಲೆಸ್ ಸೇಗರ್ಸ್ ಎಂಬ ಡಚ್ ಚಿತ್ರಕಾರನ ಹೆಸರನ್ನು ಎತ್ತಿಕೊಂಡು ತನ್ನದಾಗಿಸಿಕೊಂಡಳು. 1928ರಲ್ಲಿ ಸಾಹಿತ್ಯದ ಕ್ಲೈಸ್ಟ್ ಪ್ರಶಸ್ತಿ ಬಂತು, ಅದೇ ವರ್ಷ ಕಮ್ಯುನಿಸ್ಟ್ ಪಕ್ಷ ಸೇರಿದ್ದೂ ಆಯಿತು. ಯಹೂದಿ, ಕಮ್ಯುನಿಸ್ಟ್, ಮೇಲಾಗಿ ಬರಹಗಾರ್ತಿ. 1933ರ ಜರ್ಮನಿಗೆ ಈ ಮೂರರಲ್ಲಿ ಒಂದೇ ಸಾಕಿತ್ತು. ಅಲ್ಲಿಂದ ಸ್ವಿಟ್ಜರ್ಲೆಂಡ್, ಆಮೇಲೆ ಪ್ಯಾರಿಸ್ಸಿನ ಹೊರವಲಯದ ಮ್ಯೂಡಾನ್. ಏಳು ವರ್ಷದ ಬಾಡಿಗೆ ಬದುಕು. ಮಕ್ಕಳು ಫ್ರೆಂಚ್ ಶಾಲೆಗೆ ಹೋದ ಮೇಲೆ ತಾಯಿ ಕೆಫೆಯಲ್ಲಿ ಕೂತು ಬರೆಯುತ್ತಿದ್ದಳು.

ಈಗ ಪತ್ರದಲ್ಲಿ ಏನಿದೆ ನೋಡೋಣ. ಆಕೆಯ 1924ರಿಂದ 1952ರವರೆಗಿನ ಪತ್ರಗಳು 2008ರಲ್ಲಿ ಜರ್ಮನ್ನಿನಲ್ಲಿ ಸಂಪುಟವಾಗಿ ಬಂದಿವೆ. ದೊಡ್ಡ ಲೇಖಕಿಯ ಪತ್ರ ಎಂದ ಕೂಡಲೇ ನಮಗೆಲ್ಲ ಒಂದು ಆಸೆ ಇರುತ್ತದೆ, ಅಲ್ಲಲ್ಲಿ ಗೆರೆ ಎಳೆದಿಟ್ಟುಕೊಳ್ಳುವಂಥ ಮಾತು ಸಿಕ್ಕೀತು ಎಂದು. ಈ ಕಾಲದ ಪತ್ರಗಳಲ್ಲಿ ಸಿಗುವುದು ಬೇರೆಯೇ. ವೀಸಾ ಎಲ್ಲಿಗೆ ಬಂತು? ಹಡಗಿನ ಟಿಕೆಟ್ಟಿಗೆ ದುಡ್ಡು ಯಾರು ಕಟ್ಟುತ್ತಾರೆ? ನಾಲ್ಕು ಜನಕ್ಕೂ ಆಗಬೇಕು. ಕಳಿಸಿದ ಹಸ್ತಪ್ರತಿ ತಲುಪಿತೆ? ಅದನ್ನು ಯಾರಾದರೂ ಓದಿದರೆ? ತಂತಿ ಕೊಡಿ. ಬೇಗ. ಇಷ್ಟೇ. ಒಂದು ಪತ್ರ ಮುಗಿಸಿ ಇನ್ನೊಂದಕ್ಕೆ ಹೋದರೆ ಅದೇ ನಾಲ್ಕು ಜನ, ಅದೇ ಹಸ್ತಪ್ರತಿ. ಇದು ಸಾಹಿತ್ಯವಲ್ಲ, ಸಾಲದ ಮನೆಯವರು ನೆಂಟರಿಗೆ ಬರೆಯುವ ಕಾಗದ. ಹಾಗೆ ಅನ್ನಿಸಿದ್ದು ಮೊದಲ ಓದಿಗೆ. ಎರಡನೆಯ ಸಲಕ್ಕೆ, ಇಷ್ಟು ನೇರವಾಗಿ ಕೇಳುವುದಕ್ಕೆ ಎಷ್ಟು ಗಟ್ಟಿ ಬೆನ್ನು ಬೇಕು ಅನ್ನಿಸಿತು. ಆಕೆ ದೈನ್ಯಪಡುವುದಿಲ್ಲ, ನೆವ ಹೇಳುವುದಿಲ್ಲ, ಗೆಳೆಯರನ್ನು ಹೊಗಳಿ ಹೊನ್ನಶೂಲಕ್ಕೆ ಏರಿಸುವುದೂ ಇಲ್ಲ. ಕೇಳುತ್ತಾಳೆ. ಉತ್ತರ ಬರದಿದ್ದರೆ ಮತ್ತೆ ಕೇಳುತ್ತಾಳೆ.

ಕೇಳುವ ಆ ಧಾರ್ಷ್ಟ್ಯ ಎಲ್ಲಿಂದ ಬಂತು ಎಂದರೆ ನಾನು ಅದೇ ಹಸ್ತಪ್ರತಿಯ ಕಡೆ ಕೈ ತೋರಿಸುತ್ತೇನೆ. ಅದರ ಹೆಸರು ‘ಏಳನೆಯ ಶಿಲುಬೆ’. ನಾಜಿ ಸೆರೆಶಿಬಿರದಿಂದ ಏಳು ಜನ ತಪ್ಪಿಸಿಕೊಳ್ಳುತ್ತಾರೆ. ಅವರಿಗೆಂದು ಶಿಬಿರದ ಅಧಿಕಾರಿ ಏಳು ಶಿಲುಬೆ ನಿಲ್ಲಿಸುತ್ತಾನೆ. ಒಂದು ಮಾತ್ರ ಖಾಲಿ ಉಳಿಯುತ್ತದೆ. ಗೆಯೋರ್ಗ್ ಹೈಸ್ಲರ್ ಎಂಬ ಆ ಏಳನೆಯವನು ಬದುಕುವುದು ತನ್ನ ಶೌರ್ಯದಿಂದಲ್ಲ. ಒಬ್ಬರು ಕೋಟು ಕೊಟ್ಟರು, ಒಬ್ಬರು ಒಂದು ರಾತ್ರಿ ಮಲಗಲು ಜಾಗ ಕೊಟ್ಟರು, ಇನ್ನೊಬ್ಬರು ಕಂಡರೂ ಕಾಣದವರಂತೆ ಹೋದರು, ಅದರಿಂದ. ಅದನ್ನು ಬರೆದು ಮುಗಿಸಿದ ಮರುವರ್ಷವೇ ಬರೆದವಳು ಹೈಸ್ಲರ್‌ನ ಜಾಗದಲ್ಲಿ ಬಂದು ನಿಂತಿದ್ದಾಳೆ, ಅದೂ ಇಬ್ಬರು ಮಕ್ಕಳ ಕೈಹಿಡಿದು.

ಐದು ತಿಂಗಳು ಹಿಂದಕ್ಕೆ ಹೋಗೋಣ. ಜೂನ್, ಪ್ಯಾರಿಸ್ಸಿನಿಂದ ದಕ್ಷಿಣಕ್ಕೆ ಹೋಗುವ ರಸ್ತೆ. ಜರ್ಮನ್ ಸೈನ್ಯ ಬರುತ್ತಿದೆ ಎಂಬ ಸುದ್ದಿಗೆ ಊರಿಗೆ ಊರೇ ಎದ್ದು ಹೊರಟಿದೆ. ಕಾರಿನ ತಲೆಯ ಮೇಲೆ ಹಾಸಿಗೆ ಕಟ್ಟಿಕೊಂಡವರು, ಸೈಕಲ್ಲು ತಳ್ಳುವವರು, ಕೈಗಾಡಿ ಎಳೆಯುವವರು. ಮೇಲೆ ವಿಮಾನದ ಸದ್ದಾದರೆ ಎಲ್ಲರೂ ಚರಂಡಿಗೆ. ಈ ಜಾತ್ರೆಯ ನಡುವೆ ನೆಟ್ಟಿಯೂ ಮಕ್ಕಳೂ ನಡೆದುಕೊಂಡೇ ಹೊರಟಿದ್ದಾರೆ. ಗಂಡನನ್ನು ಫ್ರೆಂಚರೇ ವಸಂತದಲ್ಲಿ ಹಿಡಿದುಕೊಂಡು ಹೋಗಿದ್ದಾರೆ, ಪರದೇಶದವನು, ನಂಬಲಾಗದವನು ಎಂದು. ಹಿಟ್ಲರ್‌ನಿಂದ ಓಡಿ ಬಂದವರನ್ನು ಹಿಟ್ಲರ್‌ನ ಕಡೆಯವರಿರಬಹುದೆಂದು ಕೂಡಿಹಾಕುವ ಜಾಣತನ ಆ ವರ್ಷ ಫ್ರಾನ್ಸಿನ ಸರ್ಕಾರಿ ನೀತಿಯಾಗಿತ್ತು. ನಡೆಯುವ ಕಾಲು ಎಷ್ಟು ಬೇಗ ನಡೆದೀತು? ಟ್ಯಾಂಕುಗಳು ಅವರನ್ನು ದಾಟಿ ಮುಂದೆ ಹೋದವು. ಓಡಿಹೋಗುವುದಕ್ಕೆ ಮುಂದೆ ಜಾಗವೇ ಉಳಿಯಲಿಲ್ಲ. ಮೂವರೂ ತಿರುಗಿ ಪ್ಯಾರಿಸ್ಸಿಗೇ ಬಂದರು, ಶತ್ರುವಿನ ಬಾವುಟ ಹಾರುವ ಪ್ಯಾರಿಸ್ಸಿಗೆ.

ಮ್ಯೂಡಾನ್ ಮನೆಗೆ ಹೋಗುವಂತಿಲ್ಲ, ಅಲ್ಲಿಗೆ ನಾಜಿಗಳ ಗುಪ್ತ ಪೊಲೀಸು ಗೆಸ್ಟಾಪೊ ಬಂದು ವಿಚಾರಿಸಿಕೊಂಡು ಹೋಗಿತ್ತು. ತಾಯಿ ಒಂದು ಕಡೆ, ಮಕ್ಕಳು ಒಂದು ಕಡೆ. ಬೇಸಿಗೆ ಹಾಗೇ ಕಳೆಯಿತು. ಸೆಪ್ಟೆಂಬರಿನಲ್ಲಿ, ಒಬ್ಬ ಫ್ರೆಂಚ್ ಗೆಳತಿಯ ನೆರವಿನಿಂದ, ದೇಶವನ್ನು ಎರಡಾಗಿ ಸೀಳಿದ ಗಡಿಗೆರೆಯನ್ನು ಕದ್ದು ದಾಟಿ ಈಚೆ ಬಂದರು. ಈಚೆಗೆ ಜರ್ಮನ್ ಸೈನಿಕರಿಲ್ಲ, ಜರ್ಮನಿಯೊಡನೆ ರಾಜಿಯಾದ ಫ್ರೆಂಚರ ವೀಶಿ ಸರ್ಕಾರವಿದೆ. ಆದರೆ ಸೋತ ಫ್ರಾನ್ಸು ಸಹಿ ಹಾಕಿದ ಕದನವಿರಾಮದ ಒಪ್ಪಂದದ 19ನೆಯ ಕಲಮು, ಬರ್ಲಿನ್ ಕೇಳಿದ ಜರ್ಮನ್ನರನ್ನು ಹಿಡಿದೊಪ್ಪಿಸಬೇಕು ಎನ್ನುತ್ತದೆ. ಅಕ್ಟೋಬರ್ 4ರ ಕಾನೂನಂತೂ ಪರದೇಶದ ಯಹೂದಿಗಳನ್ನು ಶಿಬಿರಕ್ಕೆ ತಳ್ಳುವ ಅಧಿಕಾರವನ್ನು ಜಿಲ್ಲೆಯ ಅಧಿಕಾರಿಗಳಿಗೇ ಕೊಟ್ಟುಬಿಟ್ಟಿದೆ.

ಪಾಮಿಯೇಗೆ ಮರಳೋಣ, ಅಂಚೆಯ ಮಾತು ಅರ್ಧಕ್ಕೆ ನಿಂತಿತ್ತು.

ನಮ್ಮ ಅಜ್ಜಂದಿರ ಕಾಗದಗಳು ನೆನಪಿವೆಯೆ? ಉಭಯಕುಶಲೋಪರಿ ಎಂದು ಶುರು, ಆಮೇಲೆ ಮಳೆ ಬೆಳೆ, ಕೊನೆಗೆ ಕೇಳಬೇಕಾದದ್ದು. ಆ ಶರತ್ಕಾಲದಲ್ಲಿ ಫ್ರಾನ್ಸಿನ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಬರೆಯುವವರಿಗೆ ಕುಶಲವನ್ನೂ ಸರ್ಕಾರವೇ ಅಚ್ಚು ಹಾಕಿಸಿ ಕೊಡುತ್ತಿತ್ತು. ಕಾರ್ಡಿನ ಮೇಲೆ ಹದಿಮೂರು ಸಾಲು, ಅದರಲ್ಲಿ ಮೊದಲೇ ಮುದ್ರಿಸಿದ ಪದಗಳು: ಆರೋಗ್ಯ, ದಣಿವು, ಕಾಯಿಲೆ, ಗಾಯ, ಸಾವು, ಸೆರೆ. ಹೆಸರು ತುಂಬಿಸಿ, ಬೇಡದ್ದನ್ನು ಹೊಡೆದುಹಾಕಿ ಅಂಚೆಗೆ ಹಾಕಬೇಕು. ಅದಕ್ಕಿಂತ ಹೆಚ್ಚು ಒಂದು ಸಾಲು ಬರೆದರೆ ಕಾರ್ಡು ಮುಂದೆ ಹೋಗದು. ಸತ್ತವರ ಹೆಸರು ಬರೆದು ಪಕ್ಕದಲ್ಲಿ ‘ಆರೋಗ್ಯ’ಕ್ಕೆ ಗೀಟು ಎಳೆಯುವ ಕೈಯನ್ನು ಒಂದು ಗಳಿಗೆ ಯೋಚಿಸಿ.

ನ್ಯೂಯಾರ್ಕಿಗೆ ಹೋಗುವ ಪತ್ರಕ್ಕೆ ಅಷ್ಟು ಕಟ್ಟಿಲ್ಲ, ಆದರೆ ದಾರಿ ದೂರ. ಸ್ಪೇನ್ ದಾಟಿ ಲಿಸ್ಬನ್‌ಗೆ ಹೋಗಬೇಕು. ಅಲ್ಲಿಂದ ನೀರಿನ ಮೇಲೆ ಇಳಿಯುವ ಕ್ಲಿಪ್ಪರ್ ವಿಮಾನ ಅಥವಾ ಹಡಗು. ನಡುವೆ ಒಡೆದು ಓದುವವರಿದ್ದಾರೆ ಎಂಬುದು ಬರೆಯುವವರಿಗೂ ಗೊತ್ತು, ಓದುವವರಿಗೂ ಗೊತ್ತು. ಹಾಗಾಗಿ ಹೇಳಲೇಬೇಕಾದ್ದು ಮಾತ್ರ ಹಾಳೆಗೆ ಇಳಿಯುತ್ತದೆ. ಈ ಪತ್ರಗಳ ಒಣ ದನಿಗೆ ಅರ್ಧ ಕಾರಣ ಇದೇ ಇರಬೇಕು. ಇನ್ನೊಂದು ತೊಡಕು ಕಾಲದ್ದು. ಇಲ್ಲಿ ಕೇಳಿದ ಪ್ರಶ್ನೆ ಅಲ್ಲಿಗೆ ಮುಟ್ಟಿ ಉತ್ತರ ಬರುವಷ್ಟರಲ್ಲಿ ಪ್ರಶ್ನೆಯೇ ಹಳಸಿರುತ್ತದೆ. ತೀರಿಹೋದ ವೀಸಾಕ್ಕೆ ಟಿಕೆಟ್ಟು ಬರುತ್ತದೆ, ಹೊರಟುಹೋದ ಹಡಗಿಗೆ ಹಣ.

ಪತ್ರ ಮಡಿಸಿದ್ದಾಯಿತು. ಆಕೆ ಮೇಲೆ ನೋಡುತ್ತಾಳೆ. ಬೆಳಗ್ಗೆ ಮಕ್ಕಳನ್ನು ಶಾಲೆಗೆ ಕಳಿಸಬೇಕು. ಹೌದು, ಶಾಲೆಗೆ. ಇಷ್ಟರ ನಡುವೆಯೂ ಪೀಟರ್, ರೂತ್ ಈ ಊರಿನ ಶಾಲೆಗೆ ಸೇರಿದ್ದಾರೆ. ರೇಷನ್ ಚೀಟಿ ಹಿಡಿದು ಬ್ರೆಡ್ಡಿನ ಅಂಗಡಿಗೆ ಹೋಗಬೇಕು, ದೊಡ್ಡವರಿಗೆ ದಿನಕ್ಕೆ 350 ಗ್ರಾಂ. ಆಮೇಲೆ ಭೇಟಿಗೆ ಬಿಡುವ ದಿನವಾದರೆ ಲ ವೆರ್ನೇಗೆ. ಲೇಖಕ ಆರ್ಥರ್ ಕೋಸ್ಲರ್ ಹಿಂದಿನ ಚಳಿಗಾಲವನ್ನು ಅದೇ ಶಿಬಿರದಲ್ಲಿ ಕಳೆದು, ಮುಂದೆ ಅದರ ಬಗ್ಗೆಯೇ ಪುಸ್ತಕ ಬರೆದ. ತಂತಿಬೇಲಿಯ ಒಳಗಿರುವ ಗಂಡನನ್ನು ಹೊರಗೆ ತರುವ ಕೀಲಿ ಒಂದೇ, ಬೇರೆ ದೇಶದ ವೀಸಾ. ಅದಕ್ಕಾಗಿಯೇ ಪ್ರತಿ ಪತ್ರದಲ್ಲೂ ಆ ಸಂಖ್ಯೆ, ನಾಲ್ಕು. ಮೂರು ಟಿಕೆಟ್ಟಿಗೆ ದುಡ್ಡು ಹೊಂದಿಸುವುದು ಸುಲಭವಿತ್ತು. ಆಕೆ ಒಮ್ಮೆಯೂ ಮೂರು ಎನ್ನುವುದಿಲ್ಲ.

ಈಗ ಮಾರ್ಸೇಯ್, ವೀಸಾ ಕೊಡುವ ಕಚೇರಿಗಳೂ ಹಡಗುಗಳೂ ಇರುವ ಬಂದರು. ಕೋಟಿನ ಗುಂಡಿ ಹಾಕಿಕೊಳ್ಳಿ, ಮಿಸ್ಟ್ರಲ್ ಎಂಬ ಉತ್ತರದ ಗಾಳಿ ಬೀಸುವ ಕಾಲ. ಕನೆಬಿಯೇರ್ ಎಂಬ ದೊಡ್ಡ ಬೀದಿ ನೇರ ಹಳೆಯ ಬಂದರಿಗೆ ಇಳಿಯುತ್ತದೆ. ಬೀದಿಯ ಎರಡೂ ಬದಿಯ ಕೆಫೆಗಳಲ್ಲಿ ಕೂತವರು ಚಿಕೋರಿ ಕಾಫಿಯ ಬಟ್ಟಲು ಮುಂದಿಟ್ಟುಕೊಂಡು ಮಾತಾಡುವುದು ಒಂದೇ ವಿಷಯ. ಯಾವ ಭಾಷೆಯವರಾದರೂ ಸರಿ, ನಡುನಡುವೆ ಕೇಳುವ ಪದಗಳು ಅವೇ: ವೀಸಾ, ಟ್ರಾನ್ಸಿಟ್, ಮುಚ್ಚಳಿಕೆ, ಹಡಗು. ವೈರುಧ್ಯ ಕೇಳಿ. ಈ ಊರಿನಲ್ಲಿ ಉಳಿಯಲು ಅನುಮತಿ ಬೇಕಾದರೆ, ಈ ಊರು ಬಿಟ್ಟುಹೋಗುತ್ತೇನೆ ಎಂಬುದಕ್ಕೆ ಪುರಾವೆ ತೋರಿಸಬೇಕು.

ಹೋಗುವುದಕ್ಕೆ ಏನೇನು ಬೇಕು? ಮೊದಲು, ಸೇರಿಸಿಕೊಳ್ಳುವ ದೇಶದ ವೀಸಾ. ಅದಿದ್ದರೆ, ನಡುವೆ ಹಾಯುವ ದೇಶದವರು ಹಾದುಹೋಗುವ ವೀಸಾ ಕೊಟ್ಟಾರು. ಅವರು ಹಡಗಿನ ಟಿಕೆಟ್ಟು ಕೇಳುತ್ತಾರೆ. ಟಿಕೆಟ್ಟಿನವರು ಹಾದುಹೋಗುವ ವೀಸಾ ಕೇಳುತ್ತಾರೆ. ಎರಡೂ ಇದ್ದರೆ ಫ್ರಾನ್ಸು ಬಿಡುವ ಪರವಾನಗಿಗೆ ಅರ್ಜಿ. ಅದು ಕೈಸೇರುವ ಹೊತ್ತಿಗೆ ಮೊದಲಿನದರ ಅವಧಿ ಮುಗಿದಿರುತ್ತದೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಊರಿಗೆ ಊರೇ ತಿರುಪತಿ ಕ್ಷೌರ ಮಾಡಿಸಿಕೊಂಡಂತೆ, ಎಲ್ಲರ ತಲೆಯೂ ಅರ್ಧ ಬೋಳಿಸಿದ್ದೇ. ಯಾರದೂ ಮುಗಿದಿಲ್ಲ.

ಅಮೆರಿಕ ಕಮ್ಯುನಿಸ್ಟರಿಗೆ ಬಾಗಿಲು ತೆರೆಯುವುದಿಲ್ಲ. ತೆರೆದದ್ದು ಮೆಕ್ಸಿಕೊ. ಅದರ ಇಲ್ಲಿಯ ಕಾನ್ಸುಲ್ ಹಿಲ್ಬೆರ್ತೊ ಬೋಸ್ಕೆಸ್. ಸೋತು ಓಡಿಬಂದ ಸ್ಪೇನಿನ ಗಣರಾಜ್ಯವಾದಿಗಳನ್ನು ಇರಿಸಲು ಊರಾಚೆ ಎರಡು ದೊಡ್ಡ ಬಂಗಲೆಗಳನ್ನೇ ಬಾಡಿಗೆಗೆ ಹಿಡಿದಿದ್ದ ಮನುಷ್ಯ. ಅವನ ಕಚೇರಿಯ ಮುಂದಿನ ಸಾಲು ಹನುಮಂತನ ಬಾಲ. ಆ ಸಾಲಿನಲ್ಲಿ ನೆಟ್ಟಿಯೂ ಇದ್ದಾಳೆ. ಅವಳ ಹಿಂದೆ ನೀವು ನಿಂತುಕೊಂಡರೆ ಒಂದು ವಿಷಯ ಗಮನಕ್ಕೆ ಬಂದೀತು. ಉಳಿದವರು ತಮ್ಮ ಕಾಗದ ನೋಡಿಕೊಳ್ಳುತ್ತಿದ್ದಾರೆ, ಆಕೆ ಸಾಲನ್ನೇ ನೋಡುತ್ತಿದ್ದಾಳೆ.

ಅದು ಹೇಗೆ ಗೊತ್ತೆಂದರೆ, ಇದೇ ಸಾಲು ಇದ್ದ ಹಾಗೇ ‘ಟ್ರಾನ್ಸಿಟ್’ ಎಂಬ ಕಾದಂಬರಿಯಾಯಿತು. ಅದರಲ್ಲಿ ವಾದ್ಯವೃಂದದ ಒಬ್ಬ ಮುದಿ ನಿರ್ದೇಶಕ ಬರುತ್ತಾನೆ. ಕರಾಕಸ್ ಊರಿನಲ್ಲಿ ಅವನಿಗೆ ಕೆಲಸ ಕಾದಿದೆ, ಕಾಗದ ಕೂಡಿಸುತ್ತ ಕೂಡಿಸುತ್ತ, ಎಲ್ಲ ಕೂಡಿಬಂತು ಎನ್ನುವಾಗ ಸಾಯುತ್ತಾನೆ. ಎರಡು ದೊಡ್ಡ ನಾಯಿಗಳನ್ನು ಎಳೆದುಕೊಂಡು ಕಚೇರಿಯಿಂದ ಕಚೇರಿಗೆ ಅಲೆಯುವ ಹೆಂಗಸೊಬ್ಬಳಿದ್ದಾಳೆ. ನಾಯಿಗಳ ಅಮೆರಿಕನ್ ಒಡೆಯರು ಅವಳಿಗೆ ಜಾಮೀನು, ಆದ್ದರಿಂದ ಅವಳಿಗೆ ಆ ನಾಯಿಗಳೇ ವೀಸಾ. ಪ್ಯಾರಿಸ್ಸಿನ ಹೋಟೆಲಿನಲ್ಲಿ ಆತ್ಮಹತ್ಯೆ ಮಾಡಿಕೊಂಡ ವೈಡೆಲ್ ಎಂಬ ಲೇಖಕನ ಕಾಗದಪತ್ರಗಳು ಬೇರೊಬ್ಬನ ಕೈಗೆ ಸಿಕ್ಕಿ, ಸತ್ತವನ ಹೆಸರಿನಲ್ಲಿ ವೀಸಾ ಬೆಳೆಯುತ್ತ ಹೋಗುತ್ತದೆ. ವೈಡೆಲ್‌ನ ಹಿಂದೆ ಇರುವವನು ಎರ್ನ್‌ಸ್ಟ್ ವೈಸ್, ಜರ್ಮನ್ ಸೈನ್ಯ ಪ್ಯಾರಿಸ್ಸಿಗೆ ಕಾಲಿಟ್ಟಾಗ ಪ್ರಾಣ ಕಳೆದುಕೊಂಡ ಲೇಖಕ. ಪತ್ರಗಳಲ್ಲಿ ಇದ್ಯಾವುದಕ್ಕೂ ಜಾಗವಿಲ್ಲ. ಗೆಳೆಯರಿಗೆ ಬರೆಯುವಾಗ ಆಕೆ ಕಾಗದ ಉಳಿಸುತ್ತಾಳೆ. ಕಂಡದ್ದನ್ನೆಲ್ಲ ಬೇರೆ ಕಡೆಗೆ ಎತ್ತಿಡುತ್ತಿದ್ದಾಳೆ. ನನ್ನ ಮಟ್ಟಿಗೆ ‘ಟ್ರಾನ್ಸಿಟ್’ ಎಂದರೆ ಆ ಚಳಿಗಾಲದಲ್ಲಿ ನ್ಯೂಯಾರ್ಕಿಗೆ ಬರೆಯದೆ ಉಳಿಸಿದ ಪತ್ರ.

ಈ ನಡುವೆ ಗಂಡ ಲ ವೆರ್ನೇಯಿಂದ ಲೆ ಮಿಲ್ ಶಿಬಿರಕ್ಕೆ ವರ್ಗವಾದ. ಏಕ್ಸ್ ಊರಿನ ಪಕ್ಕದ ಹೆಂಚಿನ ಕಾರ್ಖಾನೆ ಅದು. ದೇಶ ಬಿಡಲಿರುವವರನ್ನು ಇಡುವ ಜಾಗ. ಇಟ್ಟಿಗೆ ಧೂಳು ಮೂಗಿಗೆ ಹೋಗುತ್ತದೆ ಎಂದು ಅಲ್ಲಿದ್ದವರೆಲ್ಲ ಗೊಣಗಿದ್ದಾರೆ, ಆದರೂ ಅದು ಬಾಗಿಲಿಗೆ ಒಂದು ಹೆಜ್ಜೆ ಹತ್ತಿರ.

1941ರ ಮಾರ್ಚ್ 24. ಮಾರ್ಸೇಯ್ ಹಡಗುಕಟ್ಟೆ. ‘ಕಪಿತೆನ್ ಪೋಲ್ ಲೆಮೆರ್ಲ್’ ಎಂಬ ಹೆಸರು ಉದ್ದ, ಹಡಗು ಗಿಡ್ಡ. ಕಬ್ಬಿಣದ ಟೋಪಿ ಹಾಕಿ ಬಂದೂಕು ಹಿಡಿದ ಪೊಲೀಸರು ಎರಡು ಸಾಲಾಗಿ ನಿಂತಿದ್ದಾರೆ. ಬೀಳ್ಕೊಡಲು ಬಂದವರನ್ನು ಹತ್ತಿರಕ್ಕೂ ಬಿಡುತ್ತಿಲ್ಲ. ಹತ್ತುವವರ ಪೈಕಿ ಒಬ್ಬ ಕ್ಲೋಡ್ ಲೆವಿ ಸ್ಟ್ರಾಸ್, ಮುಂದೆ ಜಗತ್ತಿಗೆಲ್ಲ ಗೊತ್ತಾದ ಮಾನವಶಾಸ್ತ್ರಜ್ಞ. ಹಡಗಿನಲ್ಲಿ ಎರಡೇ ಕ್ಯಾಬಿನ್ನು, ಒಟ್ಟು ಏಳು ಮಂಚ, ಜನ ಸುಮಾರು 350 ಎಂದು ಲೆಕ್ಕ ಇಟ್ಟವನು ಅವನೇ. ಏಳರಲ್ಲಿ ಒಂದು ಅವನಿಗೇ ಸಿಕ್ಕಿತ್ತು. ಉಳಿದವರಿಗೆ ಸರಕು ತುಂಬುವ ಕೆಳಮಾಳಿಗೆಯಲ್ಲಿ ಹಲಗೆ, ಹುಲ್ಲಿನ ಹಾಸಿಗೆ. ಕವಿ ಆಂದ್ರೆ ಬ್ರೆತಾನ್ ಹೆಂಡತಿ ಮಗಳ ಜೊತೆ ಇದ್ದಾನೆ. ಸ್ಟಾಲಿನ್‌ನ ಸೆರೆ ಕಂಡು ಬಂದ ಬರಹಗಾರ ವಿಕ್ಟರ್ ಸೆರ್ಜ್ ಇದ್ದಾನೆ. ಕ್ಯೂಬಾದ ಚಿತ್ರಕಾರ ವಿಫ್ರೆದೊ ಲಾಮ್ ಇದ್ದಾನೆ. ಸ್ಟಾಲಿನ್ ಕಡೆಯ ಸೇಗರ್ಸ್, ಸ್ಟಾಲಿನ್ ವಿರೋಧಿ ಸೆರ್ಜ್ ಒಂದೇ ಹಡಗಿನಲ್ಲಿ! ಹೊಗೆಗೂಡಿನ ಕೆಳಗೆ ಸಿದ್ಧಾಂತಕ್ಕೆ ಬೇರೆ ಬೇರೆ ಹಲಗೆ ಇರಲಿಲ್ಲ.

ನಾಲ್ಕು ಟಿಕೆಟ್ಟು. ನಾಲ್ಕು ಜನ. ಇಷ್ಟು ತಿಂಗಳ ಪತ್ರಗಳು ಕೊನೆಗೂ ಒಂದು ಕೆಲಸ ಮಾಡಿದವು.

ಹಡಗು ಆಫ್ರಿಕಾದ ದಡ ಸವರಿಕೊಂಡು ಹೋಗಿ ಮಾರ್ಟಿನಿಕ್ ದ್ವೀಪ ಮುಟ್ಟಿತು. ಅಲ್ಲೂ ವೀಶಿಯ ಆಡಳಿತವೇ, ಹಾಗಾಗಿ ಅಲ್ಲೂ ಶಿಬಿರ. ಅಲ್ಲಿಂದ ಸಾಂತೊ ದೊಮಿಂಗೊ, ಜೂನ್ ತಿಂಗಳ ನಡುವೆ ನ್ಯೂಯಾರ್ಕ್. ಈ ಹೆಸರುಗಳನ್ನು ಬೇಗ ದಾಟಿಬಿಡುತ್ತೇನೆ, ಏಕೆಂದರೆ ನಿಮ್ಮನ್ನು ಒಂದು ಕೋಣೆಗೆ ಕರೆದೊಯ್ಯಬೇಕು.

ಎಲ್ಲಿಸ್ ಐಲೆಂಡ್, ಬಂದಿಳಿದವರನ್ನು ತಡೆದು ನೋಡುವ ನಡುಗಡ್ಡೆ. ವೈದ್ಯಕೀಯ ತಪಾಸಣೆ. ಕಿಟಕಿಯಾಚೆ ನೀರು, ನೀರಿನಾಚೆ ಮ್ಯಾನ್‌ಹ್ಯಾಟನ್ ಕಟ್ಟಡಗಳು. ಪತ್ರಗಳ ವಿಳಾಸ ಅಷ್ಟು ಹತ್ತಿರ ಬಂದಿದೆ. ಡಾಕ್ಟರು ಪರೀಕ್ಷಿಸುತ್ತಿರುವುದು ರೂತ್‌ಳನ್ನು. ಕಳೆದ ತಿಂಗಳಷ್ಟೇ ಅವಳಿಗೆ 13 ತುಂಬಿತು, ಊರು ಯಾವುದೂ ಅಲ್ಲದ ಕಡೆ. ಅವಳು ಕಣ್ಣು ಪಿಳುಕಿಸುತ್ತಾಳೆ. ಮತ್ತೆ ಪಿಳುಕಿಸುತ್ತಾಳೆ. ರೆಪ್ಪೆ ಒಂದೇ ಸಮ ಬಡಿಯುತ್ತದೆ. ಡಾಕ್ಟರು ಬಗ್ಗಿ ನೋಡಿ ಬರೆದುಕೊಳ್ಳುತ್ತಾರೆ, ನರಮಂಡಲದ ಕಾಯಿಲೆ ಇದ್ದೀತು. ಒಂದು ವರ್ಷದಿಂದ ವಿಮಾನ, ಟ್ಯಾಂಕು, ಗಡಿ, ಪೊಲೀಸು, ಹಡಗಿನ ಹೊಟ್ಟೆಯೊಳಗಿನ ಕತ್ತಲೆ ಕಂಡ ಕಣ್ಣು ಬಡಿಯದೆ ಇನ್ನೇನು ಮಾಡೀತು? ಆ ಕಾರಣ ಮುಂದಿಟ್ಟು ಅಮೆರಿಕ ಇವರನ್ನು ಒಳಗೆ ಬಿಡಲಿಲ್ಲ. ತಾಯಿಯ ಪಕ್ಷ ಯಾವುದೆಂಬುದೂ ಆ ಮೇಜಿನ ಮೇಲೆ ಎಲ್ಲೋ ಇದ್ದೇ ಇತ್ತು ಎಂದು ನಂಬುವವರಲ್ಲಿ ನಾನೂ ಒಬ್ಬ. ಆ ಮಗು ದೊಡ್ಡವಳಾಗಿ ಡಾಕ್ಟರಾದಳು.

ಕೆಟ್ಟ ಸುದ್ದಿಯ ಜೊತೆ ಒಂದು ಒಳ್ಳೆಯ ಸುದ್ದಿಯೂ ಅದೇ ನಡುಗಡ್ಡೆಗೆ ಬಂತು. ‘ಏಳನೆಯ ಶಿಲುಬೆ’ಯ ಕೆಲವೇ ಪ್ರತಿಗಳಿದ್ದವು, ಯುದ್ಧದಲ್ಲಿ ಒಂದೊಂದಾಗಿ ಇಲ್ಲವಾದವು. ಸಮುದ್ರ ದಾಟಿ ಗೆಳೆಯರ ಕೈಸೇರಿದ ಪ್ರತಿ ಉಳಿಯಿತು. ಅದನ್ನು ಇಂಗ್ಲಿಷಿನಲ್ಲಿ ತರಲು ಬಾಸ್ಟನ್ನಿನ ಲಿಟಲ್, ಬ್ರೌನ್ ಪ್ರಕಾಶನ ಒಪ್ಪಿತು. ತಲುಪಿತೆ, ತಲುಪಿತೆ ಎಂದು ಪಾಮಿಯೇಯ ಚಳಿಯಲ್ಲಿ ಕೇಳಿದ್ದಕ್ಕೆ ಉತ್ತರ ಇದು. 1942ರಲ್ಲಿ ಪುಸ್ತಕ ಬಂತು, ‘ಬುಕ್ ಆಫ್ ದಿ ಮಂತ್ ಕ್ಲಬ್’ ಆಯ್ದುಕೊಂಡಿತು, ಲಕ್ಷಾಂತರ ಓದುಗರಿಗೆ ಮುಟ್ಟಿತು, ಸೈನಿಕರ ಜೇಬಿಗೂ ಸಣ್ಣ ಆವೃತ್ತಿಯಾಗಿ ಹೋಯಿತು. 1944ರಲ್ಲಿ ಫ್ರೆಡ್ ಜಿನೆಮನ್ ಸಿನಿಮಾ ಮಾಡಿದ, ಹೈಸ್ಲರ್ ಆಗಿ ಸ್ಪೆನ್ಸರ್ ಟ್ರೇಸಿ. ಬರೆದವಳಿಗೆ ಮುಚ್ಚಿದ ಬಾಗಿಲು ಬರೆದದ್ದಕ್ಕೆ ತೆರೆದಿತ್ತು.

ಜೂನ್ 30ರಂದು ವೆರಾಕ್ರೂಜ್. ಅಲ್ಲಿಂದ ಮೆಕ್ಸಿಕೊ ನಗರ. ಮಕ್ಕಳು ಫ್ರೆಂಚ್ ಶಾಲೆಗೆ. ತಾಯಿ ಜರ್ಮನ್ ಮಾತಾಡುವ ವಲಸಿಗರ ಹೈನ್ರಿಶ್ ಹೈನೆ ಕ್ಲಬ್ಬಿನ ಅಧ್ಯಕ್ಷೆ. ಎಗೊನ್ ಎರ್ವಿನ್ ಕಿಶ್, ಬೋಡೊ ಉಹ್ಸೆ, ಲುಡ್ವಿಗ್ ರೆನ್ ಮುಂತಾದ ದೇಶ ಬಿಟ್ಟ ಬರಹಗಾರರ ಬಳಗ ಸುತ್ತ. ಪತ್ರಗಳು ಈಗಲೂ ನ್ಯೂಯಾರ್ಕಿಗೆ ಹೋಗುತ್ತವೆ, ದನಿ ಮಾತ್ರ ಸ್ವಲ್ಪ ಸಡಿಲ. ಈಗಲೂ ಅವುಗಳಿಗೆ ಒಬ್ಬ ಅನಾಮಿಕ ಓದುಗ ಇದ್ದಾನೆ. ಅಮೆರಿಕದ ಎಫ್‌ಬಿಐ ಆಕೆಯ ಮೇಲೆ ಇಟ್ಟ ಕಡತ ಹೆಚ್ಚುಕಡಿಮೆ ಸಾವಿರ ಪುಟ. ಇಷ್ಟು ಶ್ರದ್ಧೆಯಿಂದ ಆಕೆಯ ಪತ್ರ ಓದಿದವರು ವಿಮರ್ಶಕರಲ್ಲೂ ಸಿಗಲಿಕ್ಕಿಲ್ಲ.

ಈ ಎಲ್ಲ ಓಡಾಟದಲ್ಲಿ ಒಂದು ಟಿಕೆಟ್ಟು ಲೆಕ್ಕಕ್ಕೆ ಸೇರಿರಲಿಲ್ಲ, ಐದನೆಯದು. ಮೈನ್ಜ್‌ನಲ್ಲಿ ಅಪ್ಪ ಕಲಾವಸ್ತುಗಳ ವ್ಯಾಪಾರಿ ಇಸಿಡೋರ್ 1940ರ ಮಾರ್ಚಿನಲ್ಲೇ ತೀರಿಕೊಂಡಿದ್ದ. ಅಮ್ಮ ಹೆಡ್ವಿಗ್ ಒಬ್ಬಳೇ ಉಳಿದಿದ್ದಳು. ಮೆಕ್ಸಿಕೊದಿಂದ ಅವಳಿಗೊಂದು ವೀಸಾ ಕೊಡಿಸಲು ಮಗಳು ಪ್ರಯತ್ನಿಸಿದಳು. 1942ರ ಮಾರ್ಚಿನಲ್ಲಿ ಹೆಡ್ವಿಗ್‌ಳನ್ನು ಪೋಲೆಂಡಿನ ಪಿಯಾಸ್ಕಿ ಎಂಬ ಕಡೆಗೆ ರೈಲು ಹತ್ತಿಸಿದರು. ಮಗಳ ಹೆಸರು ಅಮೆರಿಕದ ಅಂಗಡಿಗಳ ಗಾಜಿನ ಕಿಟಕಿಯಲ್ಲಿ ಕಾಣಿಸಿಕೊಳ್ಳಲು ಆಗ ಇನ್ನು ಆರು ತಿಂಗಳಿತ್ತು.

1943ರ ಜೂನ್‌ನಲ್ಲಿ ಮೆಕ್ಸಿಕೊ ನಗರದ ರಸ್ತೆಯಲ್ಲಿ ಆಕೆಗೆ ವಾಹನ ಬಡಿಯಿತು. ತಲೆಗೆ ಭಾರಿ ಪೆಟ್ಟು. ಎಚ್ಚರ ಬಂದಾಗ ನೆನಪು ಬಂದಿರಲಿಲ್ಲ. ನೆನಪು ತಿಂಗಳುಗಟ್ಟಲೆ ಒಂದೊಂದಾಗಿ ಮರಳಿತು. ಹಾಗೆ ಮರಳುತ್ತಿರುವಾಗಲೇ ಬರೆದ ಕಥೆ ‘ಸತ್ತ ಹುಡುಗಿಯರ ವಿಹಾರ’. ಅದರಲ್ಲಿ ಮೆಕ್ಸಿಕೊದ ಸುಡುವ ಬಯಲಿನಲ್ಲಿ ಕಾಯಿಲೆಯಿಂದ ಎದ್ದ ಹೆಂಗಸೊಬ್ಬಳು ಒಂದು ಬಿಳಿ ಗೋಡೆಯ ಕಡೆ ನಡೆಯುತ್ತಾಳೆ. ಗೋಡೆ ದಾಟಿದರೆ ರೈನ್ ನದಿಯ ದಡ, ಶಾಲೆಯ ಗೆಳತಿಯರು, ಮೊದಲ ಮಹಾಯುದ್ಧಕ್ಕೂ ಹಿಂದಿನ ಒಂದು ಮಧ್ಯಾಹ್ನ. ಪ್ರತಿಯೊಬ್ಬ ಹುಡುಗಿಯೂ ಮುಂದೆ ಹೇಗೆ ಸಾಯುತ್ತಾಳೆಂಬುದು ಹೇಳುವವಳಿಗೆ ಗೊತ್ತು. ಅಲ್ಲಿ ಎಲ್ಲರೂ ಅವಳನ್ನು ಕರೆಯುವುದು ನೆಟ್ಟಿ ಎಂದು, ಯಾವ ಪುಸ್ತಕದ ಮೇಲೂ ಇರದ ಹೆಸರಿನಿಂದ. ಸಂಜೆ ಅವಳು ಮನೆಗೆ ಬರುತ್ತಾಳೆ. ಮೇಲೆ ಅಮ್ಮ ಕಾಯುತ್ತ ನಿಂತಿದ್ದಾಳೆ, ಕಾಣುತ್ತಾಳೆ. ನಡುವೆ ಇರುವುದು ಮೆಟ್ಟಿಲು ಮಾತ್ರ. ಕಾಲು ಏಳುವುದಿಲ್ಲ.

ಆ ಕಥೆ 1946ರಲ್ಲಿ ಪುಸ್ತಕವಾಗಿ ಬಂತು. ಹೊರತಂದದ್ದು ನ್ಯೂಯಾರ್ಕಿನ ಅರೋರಾ ಪ್ರಕಾಶನ, ಅಂಚೆಚೀಟಿ ಮಾರುತ್ತಲೇ ವೀಲಾಂಡ್ ಹೆರ್ಜ್‌ಫೆಲ್ಡೆ ಗೆಳೆಯರನ್ನು ಕೂಡಿಸಿಕೊಂಡು ಶುರುಮಾಡಿದ್ದು.

ಅಷ್ಟು ಹೊತ್ತಿಗೆ ಯುದ್ಧ ಮುಗಿದಿದೆ. ಓದು ಮುಂದುವರಿಸಲು ಮೊದಲು ಪೀಟರ್ ಪ್ಯಾರಿಸ್ಸಿಗೆ ಹೋದ. ಮುಂದೆ ಅವನು ಪಿಯೇರ್ ಎಂಬ ಫ್ರೆಂಚ್ ಹೆಸರಿನಲ್ಲಿ ಪರಮಾಣು ಭೌತವಿಜ್ಞಾನಿಯಾಗಿ, ವಯಸ್ಸಾದ ಮೇಲೆ ತಾಯಿಯ ಬಗ್ಗೆ ಒಂದು ನೆನಪಿನ ಪುಸ್ತಕ ಬರೆದ. ಮರುವರ್ಷ ರೂತ್‌ಳೂ ಹೋದಳು. ನೆಟ್ಟಿಗೆ ಬರ್ಲಿನ್ನಿಗೆ ಮರಳುವ ಕಾಗದಪತ್ರ ಇನ್ನೂ ಆಗಬೇಕು, ಅದು ಆಗುವುದು 1947ಕ್ಕೆ. ಮೆಕ್ಸಿಕೊದ ಮನೆಯಲ್ಲಿ ಮತ್ತೆ ಅದೇ ನೋಟ: ಮೇಜು, ಹಾಳೆ, ಬಗ್ಗಿದ ತಲೆ. ಪೆಟ್ಟು ಬಿದ್ದ ಮೇಲೆ ಕೂದಲು ಬೆಳ್ಳಗಾಗಿದೆ. ಸಮುದ್ರದಾಚೆಯ ಉತ್ತರ ಬರುವುದು ಈಗಲೂ ತಡ. ಹಿಂದಿನಿಂದ ಇಣುಕಿ ನೋಡಿ, ಲಕೋಟೆಯ ಮೇಲಿನ ವಿಳಾಸ ಈ ಸಲ ಪ್ಯಾರಿಸ್ಸಿನದು.